ಷರಾ ಕಾಲಮ್ಮಿನಲ್ಲಿ ಚೆಲ್ಲಿದ ನೀರು

ನನ್ನ ಎಡಗಾಲಿನ ಹೆಬ್ಬೆರಳು ನನ್ನ ಅಪ್ಪಣೆ ಇಲ್ಲದೆ ಕುಣಿದ ದಿನ ನಾನು ಸೇಡಂನ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅಂಗಾತ ಮಲಗಿದ್ದೆ. ಕುಣಿಸಿದವರು ಅಲ್ಲಿನ ಫಿಜಿಯೋಥೆರಪಿ ಮೇಡಂ. ಕಾಲಿನ ಹರಡಿನ ಒಳಮಗ್ಗುಲಿಗೆ, ಎಲುಬಿನ ಹಿಂದೆ ಒಂದು ಅಂಟುಪಟ್ಟಿ, ಅಲ್ಲಿಂದ ನಾಲ್ಕು ಬೆರಳು ಮೇಲೆ ಇನ್ನೊಂದು. ಎರಡಕ್ಕೂ ತೆಳ್ಳನೆಯ ವೈರು. ವೈರಿನ ತುದಿಗೆ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಯಂತ್ರ. ಅದರ ಗುಂಡಿಯನ್ನು ಅವರು ಮೆಲ್ಲಗೆ ತಿರುಗಿಸಿದರು. ಮೊದಲು ಇರುವೆ ಹರಿದಂತಾಯಿತು, ಆಮೇಲೆ ಹೆಬ್ಬೆರಳು ಪಟಪಟ ಬಡಿದುಕೊಂಡಿತು.

"ನೋಡು ತಮ್ಮಾ, ಬೆರಳು ಅಲ್ಲಾಡಾಕತ್ತದ ಕದಾ?" ಎಂದರು ಮೇಡಂ. ಅವರ ಮನೆಮಾತು ತೆಲುಗು. ಸೇಡಂನಲ್ಲಿ ಅರ್ಧ ಊರು ಹಾಗೇ.

"ಅಲ್ಲಾಡಾಕತ್ತದ್ರಿ ಮೇಡಮ್ಮೋರ. ಆದ್ರ ನನ್ನ ತೊಂದರಿ ಇರೋದು ಕಾಲಾಗಲ್ರಿ. ಥೋಡೆ ಮ್ಯಾಲ ಅದ."

ಮೂಲೆಯಲ್ಲಿ ಕುಳಿತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಡಂ ನಗಲಿಲ್ಲ. ಕಾಲಿನ ಈ ನರ ಮೇಲೆ ಹೋಗಿ ಬೆನ್ನುಹುರಿಯನ್ನು ಎಲ್ಲಿ ಸೇರುತ್ತದೋ, ಮೂತ್ರಚೀಲದ ನರವೂ ಅಲ್ಲಿಗೇ ಬಂದು ಸೇರುತ್ತದೆ, ಇಲ್ಲಿ ದಿನಾ ಅರ್ಧ ತಾಸು ಮೆಲ್ಲಗೆ ತಟ್ಟುತ್ತಿದ್ದರೆ ಅಲ್ಲಿ ಸಿಕ್ಕಾಪಟ್ಟೆ ಗದ್ದಲ ಮಾಡುವ ಚೀಲ ಸ್ವಲ್ಪ ತಣ್ಣಗಾಗಬಹುದು ಎಂದು ವಿವರಿಸಿದರು. ಎಲ್ಲರಿಗೂ ಆಗುವುದಿಲ್ಲ, ಆದರೂ ಹನ್ನೆರಡು ವಾರ ಮಾಡಿ ನೋಡೋಣ ಎಂದರು.

ನನಗೆ ಅರ್ಧ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಪೂರ್ತಿ ತಿಳಿಯಿತು. ಅಪ್ಪ ವಾಡಿ ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ನಿವೃತ್ತನಾದ ಮನುಷ್ಯ.

"ಅಂದ್ರ ಕ್ಯಾಬಿನ್ನಾಗ ಕುಂತು ಲಿವರ್ ಎಳದ್ರ ದೂರ ಸಿಗ್ನಲ್ ಬೀಳತದಲ್ರಿ, ಹಂಗ," ಎಂದ. ಮೇಡಂ ಈಗ ನಕ್ಕರು. ಅಪ್ಪನನ್ನು ನೋಡಿ ನಕ್ಕರು! ನಗಿಸುವ ದಂಧೆ ಮಾಡುವವನು ನಾನು.

ಆ ದಂಧೆಯ ಬಗ್ಗೆ ಹೇಳಿಬಿಡುತ್ತೇನೆ. ವಾಡಿಯಲ್ಲಿ ಹುಟ್ಟಿದ ಕೂಸು ಅಳುವ ಮೊದಲು ರೈಲಿನ ಹಾರನ್ ಕಲಿಯುತ್ತದೆ. ನಾನು ಹಾರನ್ ಕಲಿತೆ, ಸ್ಟೇಷನ್ನಿನ ಮೈಕಿನಲ್ಲಿ ಮೂರು ಭಾಷೆಯಲ್ಲಿ ಕ್ಷಮೆ ಕೇಳುವ ಹೆಣ್ಣುಮಗಳ ದನಿ ಕಲಿತೆ, ಸಿಮೆಂಟಿನ ಲಾರಿ ಹಿಂದಕ್ಕೆ ಬರುವ ಸದ್ದು, ಓಣಿಯ ಕೋಣ, ಬೆಳಗಿನ ಅಪ್ಪನ ಕೆಮ್ಮು, ಫೋನಿನಲ್ಲಿ ತವರುಮನೆಯವರ ಜೊತೆ ಮಾತಾಡುವಾಗ ಮಾತ್ರ ಅವ್ವನಿಗೆ ಬರುವ ಸಕ್ಕರೆಯಂಥ ಸ್ವರ, ಎಲ್ಲ ಕಲಿತೆ. ಮದುವೆ, ನಾಮಕರಣ, ಶಾಲೆಯ ಸಮಾರಂಭ ಎಲ್ಲಿದ್ದರೂ ಕರೆಯುತ್ತಿದ್ದರು. ಹೊಟ್ಟೆಪಾಡಿಗೆ ರಾವೂರದ ಕಡೆ ಒಂದು ಹಾಸುಗಲ್ಲಿನ ಗಣಿಯಲ್ಲಿ ಲಾರಿಗಳಿಗೆ ಚೀಟಿ ಹರಿದುಕೊಡುವ ಕೆಲಸ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪೇರಿಸಿಟ್ಟ ಕಲ್ಲಿನ ಮೇಲೆ ಹತ್ತಿ ನಮ್ಮ ಮೇಸ್ತ್ರಿ ಬೈಯುವುದನ್ನು ಮಾಡಿ ತೋರಿಸುತ್ತಿದ್ದೆ. ಮೇಲಿನ ಕಲ್ಲು ಜಾರಿತು. ನಾನು ಬೆನ್ನಡಿಯಾಗಿ ಬಿದ್ದೆ. ಬಿದ್ದಾಗ ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಅದೂ ಆಟದ ಭಾಗ ಎಂದುಕೊಂಡು. ಅಷ್ಟು ಜೋರಾದ ಚಪ್ಪಾಳೆ ನನಗೆ ಅದಕ್ಕೂ ಮೊದಲು ಬಿದ್ದಿರಲಿಲ್ಲ.

ಬೆನ್ನಿಗೆ ರಾಡು, ಸ್ಕ್ರೂ ಹಾಕಿದರು. ಬೆನ್ನುಹುರಿ ಪೂರ್ತಿ ಹರಿದಿರಲಿಲ್ಲ, ಜಜ್ಜಿಹೋಗಿತ್ತು. ವರ್ಷದ ಹೊತ್ತಿಗೆ ಒಂದು ಕೋಲು, ಎಡಗಾಲಿಗೊಂದು ಪಟ್ಟಿ ಹಾಕಿಕೊಂಡು ನಡೆಯುವಂತಾದೆ. ಕಾಲು ವಾಪಸು ಬಂತು, ಮೂತ್ರಚೀಲ ಮಾತ್ರ ಬರಲಿಲ್ಲ. ಅದು ಪೂರ್ತಿ ಖಾಲಿಯೂ ಆಗುತ್ತಿರಲಿಲ್ಲ, ಅದಕ್ಕಾಗಿ ದಿನಕ್ಕೆ ನಾಲ್ಕು ಸಲ ಸಣ್ಣ ನಳಿಕೆ ಹಾಕಿ ನಾನೇ ತೆಗೆಯಬೇಕು. ಅದರ ನಡುವೆ ಅದಕ್ಕೆ ಮನಸ್ಸು ಬಂದಾಗ ತಾನೇ ಹಿಂಡಿಕೊಂಡು ಬಿಟ್ಟುಬಿಡುತ್ತಿತ್ತು. ಸೂಚನೆ ಕೊಡುತ್ತಿತ್ತು, ಇಲ್ಲ ಅನ್ನುವುದಿಲ್ಲ. ಸೂಚನೆ ಬಂದು ನಾನು "ಅರೆ" ಅನ್ನುವಷ್ಟರಲ್ಲಿ ಲುಂಗಿ ತೊಯ್ದಿರುತ್ತಿತ್ತು. ಕೆಮ್ಮಿದರೆ ಹೋಗುತ್ತಿತ್ತು, ಹೊಟ್ಟೆಯಿಂದ ದಮ್ಮು ಕಟ್ಟಿ ಗೂಡ್ಸ್ ಗಾಡಿಯ ಹಾರನ್ ಹೊಡೆದರಂತೂ ಖಾತ್ರಿ ಹೋಗುತ್ತಿತ್ತು. ನನ್ನ ಎಲ್ಲಕ್ಕಿಂತ ದೊಡ್ಡ ಐಟಂ ಆ ಹಾರನ್ನೇ.

ಹಾಗಾಗಿ ಎರಡು ವರ್ಷ ವೇದಿಕೆ ಹತ್ತಿರಲಿಲ್ಲ. ಶಹಾಬಾದಿನ ನನ್ನ ದೋಸ್ತ, ಮೈಕ್‌ಸೆಟ್ ಬಾಡಿಗೆಗೆ ಕೊಡುವವನು, ತಿಂಗಳಿಗೊಮ್ಮೆ ಬಂದು ಕೇಳುತ್ತಿದ್ದ, ನಾನು ಕಾಲು ತೋರಿಸಿ ತಪ್ಪಿಸಿಕೊಳ್ಳುತ್ತಿದ್ದೆ. ಸೇಡಂನಲ್ಲಿ ಹೆಬ್ಬೆರಳು ಕುಣಿದ ಮರುದಿನವೂ ಬಂದ.

"ಚಿಂಚೋಳಿ ಕಡೆ ಒಂದು ಸಾಲ್ಯಾಗ ಹೆಡ್‌ಮಾಸ್ತರರ ಬೀಳ್ಕೊಡುಗಿ ಅದ ಭಾಯ್. ಎರಡೂವರಿ ತಿಂಗಳ ಮ್ಯಾಲ. ಒಂದೂವರಿ ತಾಸು ನಿಂದೇ ಪ್ರೋಗ್ರಾಮ್. ಕಾಲಿನ ಬಹಾನಾ ಈಗ ನಕ್ಕೋ, ನೆಪ ಹೇಳಬ್ಯಾಡ. ಕುರ್ಚಿ ಹಾಕಸ್ತೀನಿ, ಕುಂತೇ ಮಾಡು."

ಬೆರಳು ಕುಣಿದ ಅಮಲಿನಲ್ಲಿದ್ದೆ. "ಪ್ರೋಗ್ರಾಮ್ ಒಪ್ಕೋ, ಆದ್ರ ಕುರ್ಚಿ ಬ್ಯಾಡ. ನಿಂತೇ ಮಾಡ್ತೀನಿ," ಅಂದುಬಿಟ್ಟೆ. ಅವನು ಹೋದ ಮೇಲೆ ನನ್ನ ಬಾಯಿಗೆ ನಾನೇ ಎರಡು ಬೈದೆ. ಒಂದೂವರೆ ತಾಸು! ಆಗ ನಲವತ್ತು ನಿಮಿಷ ಒಣಗಿರುತ್ತೇನೆ ಅನ್ನುವ ಖಾತ್ರಿಯೂ ಇರಲಿಲ್ಲ, ಮಲಗಿದ್ದಾಗಲೂ.

ಮೇಡಂ ಯಂತ್ರವನ್ನು ಮನೆಗೇ ಕೊಟ್ಟಿದ್ದರು. ಜೊತೆಗೆ ಒಂದು ಕೆಲಸ: ದಿನಾ ಎಷ್ಟು ನೀರು ಕುಡಿದೆ, ಎಷ್ಟು ಹೊತ್ತಿಗೆ ಮೂತ್ರ ಬಂತು, ಎಷ್ಟು ಬಂತು, ಯಾವಾಗ ತಡೆಯಲಾರದೆ ಹೋಯಿತು, ಎಲ್ಲ ಬರೆದಿಡಬೇಕು. ಅವರು ಕೊಟ್ಟ ಒಂದು ಹಾಳೆಯನ್ನು ಅಪ್ಪ ತಿರುವಿ ಮುರುವಿ ನೋಡಿದ. "ಇದಕ್ಕ ರಿಜಿಸ್ಟರ್ ಅಂತಾರೇನು?" ಅಂದವನೇ ಪೇಟೆಗೆ ಹೋಗಿ ರಟ್ಟಿನ ದೊಡ್ಡ ಪುಸ್ತಕ ತಂದು, ಸ್ಕೇಲಿಟ್ಟು ಗೆರೆ ಹೊಡೆದ. ಬಂದ ವೇಳೆ, ಹೋದ ವೇಳೆ, ಅಳತೆ, ಕೊನೆಗೆ ಅಗಲವಾದ ಒಂದು ಕಾಲಂ, ಷರಾ. ವೇಳೆ ಎಲ್ಲ ಇಪ್ಪತ್ನಾಲ್ಕು ತಾಸಿನ ಲೆಕ್ಕದಲ್ಲಿ. ಮಧ್ಯಾಹ್ನ ಎರಡೂಕಾಲಿಗೆ ನಾನು ಬಚ್ಚಲಿಂದ ಹೊರಬಂದರೆ ಬಾಗಿಲಲ್ಲೇ ಕೇಳುತ್ತಿದ್ದ: "ಹದಿನಾಲ್ಕು ಹದಿನೈದು. ಎಷ್ಟು ಎಂಎಲ್?"

"ಇನ್ನೂರಾ ಹತ್ತು."

"ಅಳತಿ ಜಗ್ ತೋರಸು."

ತೋರಿಸಬೇಕಿತ್ತು. ಅಪ್ಪನದು ಒಂದೇ ನೇಮ: ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ. ಕಂಡದ್ದನ್ನು ಬಿಡುವುದೂ ಇಲ್ಲ.

ಇಲ್ಲಿಂದ ನನ್ನ ಘನಕಾರ್ಯ ಆರಂಭ. ನಾನು ಜಗತ್ತನ್ನೆಲ್ಲ ಅಣಕಿಸುತ್ತೇನೆ, ನನ್ನ ಕುಂಟನ್ನೂ ಅಣಕಿಸುತ್ತೇನೆ. ಓಣಿಯ ಹುಡುಗರ ಮುಂದೆ ನನ್ನ ನಡಿಗೆಯನ್ನು ನಾನೇ ಮಾಡಿ ತೋರಿಸಿ ನಗಿಸಿದವನು. ಆದರೆ ಲುಂಗಿ ತೊಯ್ಯುವ ವಿಷಯದಲ್ಲಿ ಮಾತ್ರ ನನ್ನ ಹಾಸ್ಯ ಬತ್ತಿಹೋಗುತ್ತಿತ್ತು. ಮೊದಲ ದಿನವೇ, ಪಡಸಾಲೆಯಲ್ಲಿ ಕುಳಿತು ಕಾಲಿಗೆ ಕರೆಂಟು ಹಚ್ಚಿಕೊಂಡು, ಪಕ್ಕದ ಮನೆಯ ಚಾಚಾ ಬಂದು ಮಾತಾಡಿಸುತ್ತಿದ್ದಾಗ ಹೋಯಿತು. ಕೈಯಲ್ಲಿ ನೀರಿನ ಗ್ಲಾಸಿತ್ತು. ಏನೂ ಯೋಚಿಸದೆ ತೊಡೆಯ ಮೇಲೆ ಸುರಿದುಕೊಂಡೆ.

"ಅರೆ, ನೀರು ಚೆಲ್ತು!" ಅಂದೆ.

"ಹುಷಾರ್ ಬೇಟಾ," ಅಂದರು ಚಾಚಾ.

ಆಹಾ! ಎರಡು ವರ್ಷದಿಂದ ಈ ಉಪಾಯ ಯಾಕೆ ಹೊಳೆದಿರಲಿಲ್ಲ? ಅಂದಿನಿಂದ ನನ್ನ ಬಲಗಡೆ ಒಂದು ಗ್ಲಾಸು ನೀರು ಕಾಯಂ. ಒಳಗೆ ಬಿಟ್ಟುಹೋದ ಕ್ಷಣಕ್ಕೆ ಹೊರಗೂ ಸುರಿ. ಒಗೆಯುವ ಬಟ್ಟೆಯಿಂದ ಗುಟ್ಟು ಹೊರಬೀಳಬಾರದು ಎಂದು ಲುಂಗಿಯನ್ನು ನಾನೇ ಒಗೆದು ಹಾಕುತ್ತಿದ್ದೆ. ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಳು: "ನಮ್ಮ ಹುಡುಗ ಬಿದ್ದ ಮ್ಯಾಲ ಭಾಳ ಶ್ಯಾಣ್ಯಾ ಆಗ್ಯಾನ. ತನ್ನ ಅರಿವಿ ತಾನೇ ಒಕ್ಕೋತಾನ."

ಎರಡನೆಯ ವಾರಕ್ಕೆ ಸ್ಟೀಲಿನ ಗ್ಲಾಸು ಹೋಗಿ ಹಿಡಿಕೆ ಇರುವ ಕಪ್ಪು ಬಂತು. ಅದರಿಂದಲೂ ಚೆಲ್ಲಿದೆ. ಮೂರನೆಯ ವಾರ ಅವ್ವ ಚಿತ್ತಾಪುರದ ಸಂತೆಯಿಂದ ಅಂಗನವಾಡಿ ಕೂಸುಗಳು ಕುಡಿಯುವಂಥ, ಆನೆಯ ಚಿತ್ರವಿರುವ ಮುಚ್ಚಳದ ಬಾಟಲಿ ತಂದಳು. ನನಗೆ ಕೆಲಸ ಹೆಚ್ಚಾಯಿತು. ಹೋಗುವ ಸೂಚನೆ ಬಂದ ತಕ್ಷಣ ಮುಚ್ಚಳ ತಿರುಗಿಸಿ ತೆಗೆಯಬೇಕು, ಸುರಿದುಕೊಳ್ಳಬೇಕು, ಬೆಚ್ಚಿಬಿದ್ದವನಂತೆ "ಛೇ" ಅನ್ನಬೇಕು. ಇಷ್ಟೆಲ್ಲ ಮಾಡಲು ಆ ದಿನಗಳಲ್ಲಿ ನನಗೆ ಸಮಯ ಸಿಗತೊಡಗಿತ್ತು ಅನ್ನುವುದು, ಕರ್ಮ, ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಆರು ವಾರವಾದ ಮೇಲೆ ಮೂವರೂ ಪ್ಯಾಸೆಂಜರ್ ಗಾಡಿ ಹತ್ತಿ ಸೇಡಂಗೆ ಹೋದೆವು. ಅಪ್ಪನ ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ರಿಜಿಸ್ಟರ್. ಮೇಡಂ ಪುಟ ತಿರುವಿದರು, ಇನ್ನೊಂದು ತಿರುವಿದರು.

"ತಡೀಲಾರದ ಹೋಗಿದ್ದು ಒಂದೂ ಇಲ್ಲ?"

"ಇಲ್ರಿ," ಎಂದ ಅಪ್ಪ ಎದೆಯುಬ್ಬಿಸಿ. "ನಾ ಕಂಡಿದ್ದು ಒಂದೂ ಇಲ್ರಿ."

ನನ್ನ ಮುಖದ ಮೇಲೆ ನಾಲ್ಕು ಆಣೆಯ ನಗೆ ಅಂಟಿಸಿಕೊಂಡು ಕುಳಿತಿದ್ದೆ. ಅಷ್ಟರಲ್ಲಿ ಅವ್ವ ಮುಂದೆ ಬಾಗಿ, ದನಿ ತಗ್ಗಿಸಿ ಹೇಳಿದಳು: "ಅದೆಲ್ಲ ಚಲೋ ಅದರೀ ಮೇಡಮ್ಮೋರ. ಆದ್ರ ಕೈ ಕೆಟ್ಟಾವ ನೋಡ್ರಿ. ದಿನಾ ನೀರ ಚೆಲ್ಲಾಕತ್ತಾನ. ಮುಚ್ಚಳದ ಬಾಟ್ಲಿ ಕೊಟ್ರೂ ಚೆಲ್ಲಾಕತ್ತಾನ."

ಮೇಡಂ ಪೆನ್ನು ಕೆಳಗಿಟ್ಟರು. "ಕೈ? ಯಾವಾಗಿಂದ?"

"ಈ ಕರೆಂಟ್ ಚಾಲೂ ಮಾಡಿದ ವಾರದಿಂದೇ ರೀ."

ಅವರು ನನ್ನ ಕಡೆ ತಿರುಗಿ ಎರಡು ಬೆರಳು ಚಾಚಿ, ಬಿಗಿಯಾಗಿ ಹಿಡಿ ಎಂದರು. ಮೇಜಿನ ಮೇಲೆ ನೀರು ತುಂಬಿದ ಗ್ಲಾಸಿಟ್ಟು, ಎತ್ತು ಎಂದರು. ಸುಮ್ಮನೆ ಎತ್ತಿದ್ದರೆ ಅವ್ವನ ಮುಂದೆ ಸಿಕ್ಕಿಬೀಳುತ್ತಿದ್ದೆ. ಅದಕ್ಕೇ, ಭಂಕೂರಿನಲ್ಲಿ ನಮ್ಮ ದೂರದ ಅಜ್ಜನೊಬ್ಬನಿದ್ದಾನೆ, ಕೈನಡುಗಿನವನು, ಅವನನ್ನು ನೆನೆಸಿಕೊಂಡೆ. ಅವನ ಹಾಗೆ ಗ್ಲಾಸಿನ ಸುತ್ತ ಬೆರಳು ಅಲೆದಾಡಿಸಿದೆ, ಮೊಣಕೈ ಒಳಗೆಳೆದುಕೊಂಡೆ, ಗದ್ದ ನಡುಗಿಸಿದೆ, ಎತ್ತುವಾಗ ನೀರು ಟಪಟಪ ಉದುರಿಸಿದೆ. ಅಷ್ಟು ಚೆಂದ ನಾನು ಯಾವ ವೇದಿಕೆಯಲ್ಲೂ ಮಾಡಿರಲಿಲ್ಲ. ಒಳಗೊಳಗೇ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಮೇಡಂ ಮುಖ ಬಿಳಿಚಿತು. "ಇವತ್ತಿಂದ ಕರೆಂಟ್ ಬಂದ್," ಎಂದರು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಕೆಲವರಿಗೆ ಮುಂದೆ ಒಳಗೆ ನೀರುಗುಳ್ಳೆ ಕಟ್ಟಿ ಮೇಲಕ್ಕೆ ಏರುತ್ತದೆ, ಆಗ ಕೈಗೂ ಬರುತ್ತದೆ, ನಾಳೆಯೇ ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು, ದೊಡ್ಡ ಡಾಕ್ಟರು ನೋಡುವವರೆಗೂ ಯಂತ್ರ ಮುಟ್ಟಬಾರದು ಎಂದರು. ಕೈಚಾಚಿ ಯಂತ್ರ ವಾಪಸು ಕೇಳಿದರು.

ಅವ್ವ ಅಳತೊಡಗಿದಳು. ಅಪ್ಪ ಚೀಲದಿಂದ ಯಂತ್ರ ತೆಗೆದು ಮೇಜಿನ ಮೇಲಿಟ್ಟ. ಅವನ ಕೈ ಖರೇನೇ ನಡುಗುತ್ತಿತ್ತು. ಅದನ್ನು ನೋಡಿ ನನ್ನ ಆಟ ಮುಗಿಯಿತು.

"ಮೇಡಮ್ಮೋರ, ತಡೀರಿ," ಅಂದೆ. ಗ್ಲಾಸನ್ನು ಎರಡು ಬೆರಳಲ್ಲಿ ಎತ್ತಿ, ತಲೆಯ ಮೇಲೆ ಒಂದು ಸುತ್ತು ತಿರುಗಿಸಿ, ಹನಿ ಚೆಲ್ಲದಂತೆ ಕೆಳಗಿಟ್ಟೆ. "ಕೈಗೇನೂ ಆಗಿಲ್ರಿ. ನೀರು ನಾನೇ ಚೆಲ್ಲಿಕೊಂಡೀನ್ರಿ. ಲುಂಗಿ ತೊಯ್ದಾಗೆಲ್ಲ ಮ್ಯಾಲ ನೀರು ಸುರುವಿದೆ. ಗೊತ್ತಾಗಬಾರದಂತ."

ಮೊದಲು ಸಿಡಿದವಳು ಅವ್ವ.

"ಭಾಡ್ಯಾ! ನಿನ್ನ ಕೈ ಸಲುವಾಗಿ ಐದು ಸೋಮವಾರ ಒಪ್ಪತ್ತು ಮಾಡೀನಿ ನಾ! ಆನಿ ಬಾಟ್ಲಿ ತಂದೀನಿ!"

"ಬಾಟ್ಲಿ ಚಲೋ ಅದ ಯವ್ವಾ..."

"ಬಾಯಿ ಮುಚ್ಚು!"

ಮೇಡಂ ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟರು. ಸಿಟ್ಟು ಅವರ ಮೂಗಿನ ತುದಿಗೇ ಬಂದಿತ್ತು. "ಆರು ವಾರ ತಮ್ಮಾ. ಆರು ವಾರದ ಲೆಕ್ಕ ನೀರಾಗ ಹಾಕ್ದಿ. ಈ ಕರೆಂಟಿನಿಂದ ಫಾಯದಾ ಆಗ್ಯಾದೋ ಇಲ್ಲೋ ನಾ ಹ್ಯಾಂಗ ತಿಳೀಲಿ? ಆಗಿಲ್ಲಂದ್ರ ಮುಂದ ಮಾಡೋದೇ ವೇಸ್ಟ್. ಮತ್ತ ಮೊದಲಿನಿಂದ ಬರೀಬೇಕು."

ಮೊದಲಿನಿಂದ ಬರೆಯಲು ನನ್ನ ಹತ್ತಿರ ದಿನಗಳೆಲ್ಲಿದ್ದವು? ಚಿಂಚೋಳಿಗೆ ನಾಲ್ಕೂವರೆ ವಾರ ಉಳಿದಿತ್ತು. ಬಗ್ಗಿ ಕುಳಿತೆ. ಆಗ ಅಪ್ಪ ಕೆಮ್ಮಿದ.

"ನೀರು ಚೆಲ್ಲಿದ್ದು ಬರದೀನಲ್ರಿ," ಎಂದ.

ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು ಕೊನೆಯ ಅಗಲ ಕಾಲಂ ಮೇಲೆ ಬೆರಳಿಟ್ಟ. ಷರಾ. ಸಣ್ಣ, ದುಂಡನೆಯ ಅಕ್ಷರ. "ಒಂಬತ್ತು ನಲವತ್ತು, ನೀರು ಚೆಲ್ಲಿತು. ಹನ್ನೊಂದು ಐದು, ನೀರು ಚೆಲ್ಲಿತು. ಹದಿಮೂರು ಇಪ್ಪತ್ತೆರಡು, ಕಪ್ಪಿಗೆ ಹಿಡಿಕೆ ಇದ್ದರೂ ನೀರು ಚೆಲ್ಲಿತು." ಪುಟದ ಮೇಲೆ ಪುಟ. "ಹದಿನೇಳು ಮೂವತ್ತು, ಮುಚ್ಚಳ ಭದ್ರ ಇದ್ದರೂ ನೀರು ಚೆಲ್ಲಿತು. ಕಾರಣ ತಿಳಿದಿಲ್ಲ."

ಕಂಡದ್ದನ್ನು ಬಿಡುವ ಮನುಷ್ಯನಲ್ಲ ಅಪ್ಪ ಅಂತ ಹೇಳಿದ್ದೆನಲ್ಲ. ನನ್ನ ಎಲ್ಲ ಕಳ್ಳತನಕ್ಕೂ ನಿಮಿಷಸಹಿತ ಪಂಚನಾಮೆ ಆಗಿತ್ತು!

ಮೇಡಂ ಸಿಟ್ಟು ಮರೆತರು. ಕೆಂಪು ಪೆನ್ನು ತೆಗೆದು ಎಣಿಸತೊಡಗಿದರು. ನಾನು ಕುರ್ಚಿಯನ್ನು ಹತ್ತಿರ ಎಳೆದೆ, ಅವ್ವ ಕಣ್ಣೊರೆಸಿಕೊಂಡು ಹಿಂದಿನಿಂದ ಬಗ್ಗಿದಳು. ಮೊದಲನೆಯ ವಾರ ಮೂವತ್ತೊಂದು. ಎರಡನೆಯದು ಇಪ್ಪತ್ತೊಂಬತ್ತು. ಮೂರನೆಯದು ಇಪ್ಪತ್ತೆರಡು. "ಆನಿ ಬಾಟ್ಲಿ ಬಂತಲ್ಲ, ಅದಕ್ಕ ಕಡಿಮಿ ಆಗಿರಬೇಕು," ಎಂದಳು ಅವ್ವ. "ಸುಮ್ಮನಿರ್ರಿ ಅಮ್ಮಾ," ಎಂದರು ಮೇಡಂ, ಎಣಿಸುವ ಬೆರಳು ನಿಲ್ಲಿಸದೆ. ನಾಲ್ಕನೆಯದು ಹದಿನೆಂಟು. ಐದನೆಯದು ಹದಿಮೂರು. ಆರನೆಯದನ್ನು ಅವರು ಎರಡು ಸಲ ಎಣಿಸಿದರು.

"ಒಂಬತ್ತು."

"ಎಷ್ಟ್ರಿ?"

"ಒಂಬತ್ತು! ಮೂವತ್ತೊಂದು ಇದ್ದದ್ದು ಒಂಬತ್ತಕ್ಕ ಇಳದದ ತಮ್ಮಾ!" ಮೇಡಂ ಎದ್ದೇ ನಿಂತಿದ್ದರು. "ಮತ್ತ ನೀ ಬಾಟ್ಲಿ ಮುಚ್ಚಳ ತಗದೇ ಸುರುವಿರಬೇಕಲ್ಲ. ಎಷ್ಟೊತ್ತು ಸಿಗತಿತ್ತು? ಬಂದಂಗಾದ ಮ್ಯಾಲ, ಹೋಗೋ ತನಕ?"

ಯೋಚಿಸಿದೆ. ಮುಚ್ಚಳಕ್ಕೆ ಮೂರು ಸುತ್ತು. ಕಳೆದ ವಾರವಂತೂ ಮುಚ್ಚಳ ತೆಗೆದಿಟ್ಟುಕೊಂಡು ಕಾದದ್ದುಂಟು. ಕಾದು ಕಾದು, ಬರುವುದಿಲ್ಲ ಎಂದು ಮತ್ತೆ ಮುಚ್ಚಿ, ಎದ್ದು ಬಚ್ಚಲಿಗೆ ನಡೆದುಹೋದದ್ದೂ ಉಂಟು.

"ಮೇಡಮ್ಮೋರ, ನನಗ ಟೈಮ್ ಸಿಗಾಕತ್ತದ್ರಿ," ಅಂದೆ. ನನ್ನ ದನಿ ಯಾರದೋ ದನಿಯಂತೆ ಕೇಳಿಸಿತು, ಮತ್ತು ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ.

ಅವರು ಯಂತ್ರವನ್ನು ಅಪ್ಪನ ಕೈಗೆ ವಾಪಸು ಕೊಟ್ಟರು. ನನಗಲ್ಲ, ಅಪ್ಪನಿಗೆ. "ನೀವು ಇಟ್ಕೋರಿ. ಇವನ ಮಾತು ಬರೀಬ್ಯಾಡ್ರಿ, ನೀವು ಕಂಡಿದ್ದು ಬರೀರಿ."

ವಾಪಸು ಬರುವಾಗ ಗಾಡಿಯಲ್ಲಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮಳಖೇಡ ದಾಟುವುದರೊಳಗೆ ಎದುರಿನ ಸೀಟಿನ ತಾಂಡೂರಿನ ವ್ಯಾಪಾರಿಗೆ, ಶೇಂಗಾ ಮಾರುವ ಹೆಣ್ಣುಮಗಳಿಗೆ, ಟಿಕೆಟ್ ನೋಡಲು ಬಂದವನಿಗೆ ಎಲ್ಲರಿಗೂ ಹೇಳಿದೆ. ಗುಟ್ಟು ಕಾಯುವ ರೋಗ ಒಂದು ಸಲ ಬಿಟ್ಟರೆ ಹೀಗೇ ಪೂರ್ತಿ ಬಿಡುತ್ತದೆ. ಶೇಂಗಾದ ಹೆಣ್ಣುಮಗಳು, "ನಮ್ಮ ಅತ್ತಿಗೂ ಹಿಂಗೇ ಅದಪ್ಪಾ, ಕಾಲಿಗೆ ಎಲ್ಲಿ ಹಚ್ಚೋದು ತೋರಸು," ಎಂದು ತನ್ನ ಹರಡು ಮುಂದೆ ಚಾಚಿದಳು. ಮೊದಲು ಡಾಕ್ಟರಿಗೆ ತೋರಿಸು ಅಂದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಚಿತ್ತಾಪುರ ಬಂದಾಗ, "ನನಗರ ಹೇಳಬಹುದಿತ್ತಲ್ಲೋ," ಅಂದ. ಅವನು ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತ ಹೋದ.

ಉಳಿದ ವಾರಗಳಲ್ಲಿ ನೀರು ಚೆಲ್ಲಲಿಲ್ಲ. ಹೋದದ್ದನ್ನು ಹೋಯಿತು ಅಂತಲೇ ಬರೆಸಿದೆ. ಏಳಕ್ಕೆ ಇಳಿಯಿತು, ಒಂದು ವಾರ ಶೀತಜ್ವರ ಬಂದು ಮತ್ತೆ ಹನ್ನೆರಡಕ್ಕೇರಿ ನನ್ನ ಗರ್ವ ಇಳಿಸಿತು, ಆಮೇಲೆ ನಾಲ್ಕಕ್ಕೆ ಬಂತು. ನಳಿಕೆ ಹಾಕುವುದು ತಪ್ಪಲಿಲ್ಲ, ಅದು ತಪ್ಪುತ್ತದೆ ಅಂತ ಮೇಡಂ ಹೇಳಿಯೂ ಇರಲಿಲ್ಲ. ಆದರೆ ಸೂಚನೆಗೂ ಅನಾಹುತಕ್ಕೂ ನಡುವೆ ನನಗೆ ನಾಲ್ಕು ನಿಮಿಷ ಸಿಕ್ಕಿದ್ದವು, ಒಳ್ಳೆಯ ದಿನ ಐದು. ಐದು ನಿಮಿಷದಲ್ಲಿ ಏನೆಲ್ಲ ಮಾಡಬಹುದು ಗೊತ್ತೇ? ಮಾತು ಮುಗಿಸಬಹುದು. ಚಪ್ಪಲಿ ಹುಡುಕಬಹುದು. ಯಾರನ್ನಾದರೂ ಬೈದು ಹೋಗಬಹುದು. ಹಾರನ್ ಮಾತ್ರ ಹೊಡೆದು ನೋಡಿರಲಿಲ್ಲ. ಹೆದರಿಕೆ.

ಬೀಳ್ಕೊಡುಗೆಯ ದಿನ ದೋಸ್ತನ ಟೆಂಪೋದಲ್ಲಿ ಸ್ಪೀಕರ್ ಡಬ್ಬಗಳ ನಡುವೆ ನಾನು, ಅಪ್ಪ ಹೊರಟೆವು. ಬೆಳಗಿನ ಚಹಾಕ್ಕೆ ಅವ್ವ ಬೀಗ ಹಾಕಿದ್ದಳು. ಕಾರ್ಯಕ್ರಮ ಹನ್ನೊಂದಕ್ಕೆ. ಹತ್ತೂಮುಕ್ಕಾಲಿಗೆ ಶಾಲೆಯ ಹಿಂದಿನ ಶೌಚಾಲಯದಲ್ಲಿ ನಳಿಕೆ ಹಾಕಿ ಖಾಲಿ ಮಾಡಿಕೊಂಡೆ. ಎಲ್ಲ ಲೆಕ್ಕದ ಪ್ರಕಾರ. ಲೆಕ್ಕಕ್ಕೆ ಸಿಗದಿದ್ದದ್ದು ಒಂದೇ: ಮಾಸ್ತರರು ಮಾಸ್ತರರ ಬಗ್ಗೆ ಮಾತಾಡಲು ನಿಂತರೆ ಗಂಟೆ ಬಾರಿಸುವವರು ಯಾರೂ ಇರುವುದಿಲ್ಲ.

ನನಗೂ ಶಾಲು ಹೊದಿಸಿ ವೇದಿಕೆಯ ಮೇಲೆ ಸಾಲಾಗಿ ಕೂರಿಸಿಬಿಟ್ಟರು. ಎದುರಿನ ಮೊದಲ ಎರಡು ಸಾಲು ಪೂರ್ತಿ ನಿವೃತ್ತ ಶಿಕ್ಷಕರು, ಬಿಳಿ ಅಂಗಿ, ಬಿಳಿ ತಲೆ. ಒಬ್ಬರು ಮುಗಿಸಿದರೆ ಇನ್ನೊಬ್ಬರು. ಚಹಾ ಬಂತು.

"ತಗೋರಿ ತಮ್ಮಾ."

"ಬ್ಯಾಡ್ರೀ ಸರ್."

"ಚಿಂಚೋಳಿಗೆ ಬಂದು ಚಾ ಒಲ್ಲೆ ಅಂದ್ರ ಹ್ಯಾಂಗ್ರಿ? ನಮಗ ಅವಮಾನ."

ಒಂದು ಗುಟುಕು ಕುಡಿದೆ. ಅವರು ಸಂತೋಷಪಟ್ಟು ಇನ್ನೊಂದು ಕಪ್ಪು ಇಟ್ಟುಹೋದರು. ಕೊನೆಯವರು "ಎರಡೇ ಮಾತು" ಎಂದು ಎದ್ದು ಐವತ್ತು ನಿಮಿಷ ತೆಗೆದುಕೊಂಡರು. ನನ್ನ ಕೈಗೆ ಮೈಕು ಬಂದಾಗ ಹನ್ನೆರಡೂವರೆ ದಾಟಿತ್ತು. ನನ್ನ ಒಂದೂವರೆ ತಾಸು ಕುರ್ಚಿಯಲ್ಲೇ ಮುಗಿದಿತ್ತು!

ಆದರೂ ಒಣಗಿದ್ದೆ. ನಿಂತೆ. ಮೊದಲು ಆಗತಾನೆ ಐವತ್ತು ನಿಮಿಷ ಮಾತಾಡಿದ ಸರ್ ಅನ್ನೇ ಮಾಡಿದೆ, "ಎರಡೇ ಮಾತು" ಎಂದು ಕನ್ನಡಕ ಒರೆಸುವುದರಿಂದ ಹಿಡಿದು. ಶಾಲೆಯ ಹೆಂಚು ಹಾರುವ ಹಾಗೆ ನಕ್ಕರು. ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಎರಡು ವರ್ಷದ ಮೇಲೆ ಆ ಸದ್ದು! ಮೈಯ ರೋಮಗಳೆಲ್ಲ ನಿಂತವು. ಕೋಣ ಬಂತು, ಲಾರಿ ಬಂತು, ಅವ್ವನ ಫೋನು ಬಂತು. ಹಿಂದಿನ ಸಾಲಿನಿಂದ ಹುಡುಗರು ಕೂಗಿದರು: "ಟ್ರೇನ್! ಟ್ರೇನ್!"

ದೋಸ್ತ ನನ್ನ ಮುಖ ನೋಡಿದ. ನಾನು ಕೋಲನ್ನು ಗಟ್ಟಿಯಾಗಿ ಊರಿದೆ, ಹೊಟ್ಟೆಯ ತಳದಿಂದ ದಮ್ಮು ಎಳೆದೆ, ಹೊಡೆದೆ. ಗೂಡ್ಸ್ ಗಾಡಿ ತಿರುವಿನಲ್ಲಿ ಬರುವಾಗ ಹೊಡೆಯುವ ಉದ್ದನೆಯ ಹಾರನ್ನು. ಅಂಗಳದ ಬೇವಿನ ಮರದಿಂದ ಕಾಗೆಗಳು ಎದ್ದವು. ನಿಲ್ಲಿಸಿ, ಒಂದು ಕ್ಷಣ ಕಾದೆ. ಏನೂ ಆಗಿರಲಿಲ್ಲ. ಏನೂ ಆಗಿರಲಿಲ್ಲ! ಇನ್ನೊಂದು ಹೊಡೆದೆ, ಬರೀ ಖುಷಿಗೆ. ಮೂರನೆಯದನ್ನು ಹೊಡೆದದ್ದು ದುರಾಸೆಗೆ.

ಮೂರನೆಯದರ ಬಾಲ ಮುಗಿಯುತ್ತಿದ್ದ ಹಾಗೆ ಸೂಚನೆ ಬಂತು.

ಮೊದಲಾಗಿದ್ದರೆ ಕಣ್ಣು ನೀರಿನ ಗ್ಲಾಸು ಹುಡುಕುತ್ತಿತ್ತು. ಈ ಸಲ ಮೈಕನ್ನು ಬಾಯಿಯ ಹತ್ತಿರ ತಂದು, ಸ್ಟೇಷನ್ನಿನ ಹೆಣ್ಣುಮಗಳ ದನಿಯಲ್ಲಿ ಹೇಳಿದೆ: "ಪ್ರಯಾಣಿಕರು ದಯವಿಟ್ಟು ಗಮನಿಸಿ. ವಾಡಿಯಿಂದ ಬಂದ ಕಲಾವಿದರಿಗೆ ಒಂದಕ್ಕೆ ಬಂದಿದೆ. ಬೆನ್ನಿಗೆ ಪೆಟ್ಟಾದ ಕಾರಣ ಅವರು ನಾಲ್ಕು ನಿಮಿಷಕ್ಕಿಂತ ಹೆಚ್ಚು ತಡೆಯಲಾರರು. ಆದಕಾರಣ ಕಾರ್ಯಕ್ರಮ ಸ್ವಲ್ಪ ತಡವಾಗಿ ಮುಂದುವರಿಯುವುದು. ಅಡಚಣೆಗಾಗಿ ಕ್ಷಮಿಸಿ." ಆಮೇಲೆ ಅದನ್ನೇ ಹಿಂದಿಯಲ್ಲೂ ಹೇಳಿದೆ. ಅಷ್ಟು ಸಮಯವಿತ್ತು.

ನಗೆಯ ನಡುವೆಯೇ ವೇದಿಕೆ ಇಳಿದು ಕೋಲೂರುತ್ತ ಹೊರಟೆ. ಶೌಚಾಲಯದ ಬಾಗಿಲಿಗೆ ಬೀಗ! ಬೆಳಿಗ್ಗೆ ತೆರೆದಿತ್ತು, ಹುಡುಗರು ನುಗ್ಗುತ್ತಾರೆಂದು ಜವಾನ ಹಾಕಿಕೊಂಡು ಹೋಗಿದ್ದ. "ಕೀಲಿ!" ಎಂದು ಹಿಂದೆಯೇ ಬಂದಿದ್ದ ಅಪ್ಪ ಕೂಗಿದ್ದು ಮೈಕಿಗಿಂತ ಜೋರಾಗಿತ್ತು. ಜವಾನ ಅಡಿಗೆ ಕೋಣೆಯಿಂದ ಕೈಯಲ್ಲಿ ಸೌಟು ಹಿಡಿದೇ ಓಡಿಬಂದ. ಗೊಂಚಲಿನಲ್ಲಿ ಎಂಟು ಕೀಲಿ. ಮೊದಲನೆಯದು ಅಲ್ಲ. ಎರಡನೆಯದು ಅಲ್ಲ. ನಾನು ಒಂಟಿಕಾಲಲ್ಲಿ ಕುಣಿಯುತ್ತಿದ್ದೆ, ಆದರೂ ಒಳಗಿನ ಚೀಲ ಮಾತು ಕೊಟ್ಟಂತೆ ಕಾದಿತ್ತು. ಐದನೆಯ ಕೀಲಿ ತಿರುಗಿತು.

ಒಳಗೆ ಹೋಗಿ ಅಗಳಿ ಹಾಕಿದೆ. ಲುಂಗಿ ಒಣಗಿತ್ತು, ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ಹೊರಗೆ ಏನೋ ಗದ್ದಲ. ಚಪ್ಪಲಿಗಳ ಸರಸರ, ಕೆಮ್ಮು, ಕೋಲುಗಳು ಊರುವ ಸದ್ದು. ಕಿಟಕಿಯ ಸಂದಿಯಿಂದ ನೋಡಿದರೆ ಮೊದಲ ಎರಡು ಸಾಲಿನ ಬಿಳಿ ಅಂಗಿಗಳೆಲ್ಲ ಎದ್ದು ಬಂದು ನನ್ನ ಬಾಗಿಲ ಹಿಂದೆ ಸಾಲುಗಟ್ಟಿದ್ದವು. ಎಲ್ಲರಿಗೂ ಯಾವಾಗಲೋ ಬಂದಿತ್ತು, ಮೊದಲು ಏಳುವವರಿಗಾಗಿ ಕಾದಿದ್ದರು.

"ಸರದಿ ಪ್ರಕಾರ ನಿಂದ್ರರೀ," ಎನ್ನುತ್ತಿದ್ದ ಅಪ್ಪ. "ನೂಕಬ್ಯಾಡ್ರಿ."

ಸಾಲಿನ ಮುಂದೆ ಬೀಳ್ಕೊಡುಗೆಯ ಹೆಡ್‌ಮಾಸ್ತರರು, ಕೊರಳಲ್ಲಿ ಹಾರ ಹಾಗೇ ಇತ್ತು. ಬಾಗಿಲು ತಟ್ಟಿದರು.

"ತಮ್ಮಾ, ಆಯ್ತೇನಪ್ಪಾ?"

"ಆಗಾಕತ್ತದ್ರೀ ಸರ್. ಥೋಡೆ ತಡೀರಿ."

"ಹನ್ನೊಂದೂವರಿಂದ ತಡದೀನೋ ಮಾರಾಯಾ!"

ಶಾಲೆಯಲ್ಲಿ ಓದುವಾಗ ಹೆಡ್‌ಮಾಸ್ತರರ ಕೋಣೆಯ ಹೊರಗೆ ನಾನು ಎಷ್ಟು ಸಲ ನಿಂತಿದ್ದೆನೋ ಲೆಕ್ಕವಿಲ್ಲ. ಒಬ್ಬ ಹೆಡ್‌ಮಾಸ್ತರರನ್ನು ನನ್ನ ಬಾಗಿಲ ಹೊರಗೆ ನಿಲ್ಲಿಸಿದ್ದು ಅದೇ ಮೊದಲು. ನಾನೇನೂ ಅವಸರ ಮಾಡಲಿಲ್ಲ.